ಮಾಡಿಫೈ ಮಾಡಿದ ಕಾರಿನ ಎಕ್ಸಾಸ್ಟ್ ಸದ್ದು ಕೆಟ್ಟಿದೆಯೇ? ಸೈಲೆನ್ಸರ್ ಬದಲಿಸುವ ಮುಂಚೆ ಇಷ್ಟು ಮಾಡಿ

ಹೊಸ ಎಕ್ಸಾಸ್ಟ್ ಹಾಕಿಸಿದ್ದು ಗಟ್ಟಿಯಾದ, ತುಂಬಿದ ಸದ್ದು ಬರಲಿ ಅಂತ. ಬಂದದ್ದು ತಲೆನೋವು ತರಿಸುವ ಗುಂಯ್ ಸದ್ದು, ಇಲ್ಲವೇ ಕಿವಿ ಕೊರೆಯುವ ಚರಚರ. ಆಗ ಹೆಚ್ಚಿನವರು ಸೀದಾ ಸೈಲೆನ್ಸರ್ ಬದಲಿಸುತ್ತಾರೆ. ಅದರಿಂದ ಸರಿಹೋಗದಿದ್ದರೆ ಇನ್ನೊಂದು ಹಾಕಿಸುತ್ತಾರೆ. ಸದ್ದು ಒಂಚೂರು ಆಚೀಚೆ ಆಗುತ್ತದೆ, ಹೋಗುವುದಿಲ್ಲ.

ಎಡವಟ್ಟು ಆಗುವುದು ಕೆಲಸದ ಕ್ರಮದಲ್ಲಿ. ಪೈಪಿನ ಮುಂಭಾಗದಲ್ಲಿ ಲೀಕ್ ಇದ್ದರೆ ಅಲ್ಲಿಂದ ಹೊರಬರುವ ಸದ್ದು ಸೈಲೆನ್ಸರ್ ತನಕ ಹೋಗುವುದೇ ಇಲ್ಲ. ಹಿಂದೆ ಎಷ್ಟೇ ಒಳ್ಳೆಯ ಡಬ್ಬಿ ಕಟ್ಟಿದರೂ ಅದಕ್ಕೆ ಮಾಡಲು ಕೆಲಸವಿಲ್ಲ. ಅದಕ್ಕೇ ಮೊದಲು ಲೀಕ್ ನೋಡಬೇಕು. ಆಮೇಲೆ ಎಲ್ಲಿ ತಾಗುತ್ತಿದೆ, ಏನು ಅಲುಗುತ್ತಿದೆ ಎಂದು ನೋಡಬೇಕು. ಆಮೇಲೆ ಡಬ್ಬಿಯ ಒಳಗಿನ ಸ್ಥಿತಿ. ಇವೆಲ್ಲ ಮುಗಿದ ಮೇಲೂ ಉಳಿದ ಸದ್ದಿಗೆ ಮಾತ್ರ ಹೊಸ ಭಾಗ ಕೊಳ್ಳುವ ಯೋಚನೆ ಮಾಡಿ.

## ಬೇಕಾಗುವ ಸಾಮಾನು

- ಜಾಕ್ ಮತ್ತು ಗಟ್ಟಿಯಾದ ಸ್ಟ್ಯಾಂಡ್‌ಗಳು, ಚಕ್ರಕ್ಕೆ ಕೊಡುವ ಅಡ್ಡಗಟ್ಟೆ
- ದಪ್ಪ ಕೈಗವಸು, ಕನ್ನಡಕ, ಒಳ್ಳೆಯ ಟಾರ್ಚ್
- ಒಂದು ಮೀಟರ್ ಉದ್ದದ ರಬ್ಬರ್ ಹೋಸ್
- ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು
- ಗಾಳಿ ಊದುವ ಬ್ಲೋವರ್, ಅಥವಾ ಊದುವ ಬಾಯಿ ಇರುವ ವ್ಯಾಕ್ಯೂಮ್ ಕ್ಲೀನರ್
- ರಬ್ಬರ್ ಸುತ್ತಿಗೆ, ಸಾಕೆಟ್ ಸೆಟ್, ತುಕ್ಕು ಸಡಿಲಿಸುವ ಎಣ್ಣೆ
- ನೇರ ಅಂಚಿನ ಉಕ್ಕಿನ ಪಟ್ಟಿ, ಫೀಲರ್ ಗೇಜ್ (ಸಂದಿನ ಅಳತೆ ನೋಡುವ ತೆಳು ತಗಡುಗಳ ಕಟ್ಟು)
- ಫೋನಿನಲ್ಲಿ ಸದ್ದಿನ ಫ್ರೀಕ್ವೆನ್ಸಿ ತೋರಿಸುವ ಯಾವುದಾದರೂ ಸ್ಪೆಕ್ಟ್ರಮ್ ಆ್ಯಪ್
- ಸಾಧ್ಯವಾದರೆ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ)

ಎರಡು ಎಚ್ಚರಿಕೆಗಳನ್ನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಬಾಗಿಲು ಅರ್ಧ ತೆರೆದಿದ್ದರೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರವಾಗುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಕೈಕಾಲಿನ ಶಕ್ತಿ ಹೋಗಿರಬಹುದು. ಎರಡನೆಯದು, ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಎಕ್ಸಾಸ್ಟ್ ಕೆಲಸದಲ್ಲಿ ಬೋಲ್ಟ್ ಬಿಚ್ಚಲು ಜೋರಾಗಿ ಎಳೆಯಲೇಬೇಕಾಗುತ್ತದೆ, ಆಗ ಕಾರು ಅಲುಗುತ್ತದೆ.

## ಹಂತ 1: ಯಾವ ಸದ್ದು ಎಂದು ಮೊದಲು ಗುರುತಿಸಿ

"ಸದ್ದು ಚೆನ್ನಾಗಿಲ್ಲ" ಎಂದರೆ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಮ್ಮೆ ರೆಕಾರ್ಡ್ ಮಾಡಿ. ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ. ಓಡಿಸುವಾಗ ಪಕ್ಕದಲ್ಲಿ ಕೂತವರು ಕಿಟಕಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ರೆಕಾರ್ಡ್ ಮಾಡಲಿ. ನಂತರ ಕೇಳಿದ್ದನ್ನು ಇವುಗಳ ಜೊತೆ ಹೋಲಿಸಿ ನೋಡಿ.

ಟಕ್ ಟಕ್ ಟಕ್: ತಣ್ಣಗಿರುವಾಗ ಜಾಸ್ತಿ, ಆಕ್ಸಿಲರೇಟರ್ ಒತ್ತಿದಂತೆ ವೇಗವಾಗುತ್ತದೆ, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಹೆಚ್ಚಾಗಿ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಕವಲು ಪೈಪ್) ಅಥವಾ ಅದರ ಬದಲು ಹಾಕಿಸುವ ಹೆಡರ್‌ನಲ್ಲಿ ಲೀಕ್. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಸದ್ದು ನಿಂತಿತು ಅಂದ ಮಾತ್ರಕ್ಕೆ ಲೀಕ್ ಹೋಯಿತು ಅಂತಲ್ಲ.

ಜರ್ರ್, ಗಡಗಡ: ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ ಬರುತ್ತದೆ, ಅಥವಾ ಹೊಂಡದ ಮೇಲೆ ಹೋದಾಗ ಬರುತ್ತದೆ. ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು), ಪೈಪನ್ನು ತೂಗುಹಾಕುವ ಹ್ಯಾಂಗರ್, ಡಬ್ಬಿಯೊಳಗೆ ಬಿಟ್ಟುಹೋದ ತಗಡು.

ಗುಂಯ್: ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಿವಿ ಮೇಲೆ ಒತ್ತಿದ ಹಾಗೆ. ಕಾರಿನ ಹೊರಗೆ ನಿಂತವರಿಗೆ ಅಷ್ಟು ಕೇಳಿಸುವುದೂ ಇಲ್ಲ. ಇದನ್ನೇ ಡ್ರೋನ್ ಎನ್ನುವುದು.

ಚರಚರ: ಆರ್‌ಪಿಎಂ ಏರುವಾಗ ಬರುವ ಒಣ, ಹರಿತ ಸದ್ದು. ಇದು ರಾಸ್ಪ್.

ಬುಸ್, ಸುಂಯ್: ಲೋಡ್ ಬಿದ್ದಾಗ ಜಾಸ್ತಿ. ಸಣ್ಣ ಸಂದಿನ ಲೀಕ್. ಟರ್ಬೊ ಕಾರಾದರೆ ಟರ್ಬೊ ಸುತ್ತಮುತ್ತ ನೋಡಬೇಕು.

ಪಟ್ ಪಟ್, ಢಬ್: ಆಕ್ಸಿಲರೇಟರ್ ಬಿಟ್ಟಾಗ. ಲೀಕ್, ಇಲ್ಲವೇ ಟ್ಯೂನಿಂಗ್.

ಒಂದೇ ಕಾರಿನಲ್ಲಿ ಎರಡು ಮೂರು ಸದ್ದು ಸೇರಿರುವುದು ಮಾಮೂಲು. ಆಗಲೂ ಕ್ರಮ ಬದಲಿಸಬೇಡಿ.

## ಹಂತ 2: ಸದ್ದು ಎಕ್ಸಾಸ್ಟಿನದ್ದೇ ಎಂದು ಖಚಿತ ಮಾಡಿಕೊಳ್ಳಿ

ಖಾಲಿ, ಸಮತಟ್ಟಾದ ರಸ್ತೆಯಲ್ಲಿ 3ನೇ ಗೇರಿನಲ್ಲಿ 2500 ಆರ್‌ಪಿಎಂ ಹಿಡಿಯಿರಿ. ಆಮೇಲೆ 4ನೇ ಗೇರಿನಲ್ಲಿ ಅದೇ 2500. ಎರಡರಲ್ಲೂ ಅದೇ ಸದ್ದು ಬಂದರೆ ಅದು ಎಂಜಿನ್ ಅಥವಾ ಎಕ್ಸಾಸ್ಟ್ ಕಡೆಯದು. ಆರ್‌ಪಿಎಂ ಏನೇ ಇರಲಿ, ಕಾರಿನ ವೇಗದ ಜೊತೆಗೇ ಸದ್ದು ಏರಿಳಿದರೆ ಟೈರು, ವೀಲ್ ಬೇರಿಂಗ್, ಡ್ರೈವ್ ಶಾಫ್ಟ್ ನೋಡಿ. ಅಗಲದ ಟೈರು ಹಾಕಿಸಿ ಅದರ ಗುಂಯ್ ಸದ್ದನ್ನು ಎಕ್ಸಾಸ್ಟ್ ತಲೆಗೆ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ.

ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ, "ಇಲ್ಲಿ ಬರುತ್ತಿಲ್ಲ, ಹಾಗಾಗಿ ಎಕ್ಸಾಸ್ಟ್ ಅಲ್ಲ" ಎನ್ನಬೇಡಿ. ಲೋಡ್ ಇಲ್ಲದಾಗ ಎಂಜಿನ್ ಹೊರಹಾಕುವ ಅನಿಲವೂ ಕಡಿಮೆ, ಒತ್ತಡವೂ ಕಡಿಮೆ. ಡ್ರೋನ್ ಆಗ ಬಹುಮಟ್ಟಿಗೆ ಅಡಗಿರುತ್ತದೆ.

ಇನ್ನೆರಡು ಅನುಮಾನ ಇಲ್ಲೇ ಬಗೆಹರಿಸಿಕೊಳ್ಳಿ. ಓಪನ್ ಏರ್ ಫಿಲ್ಟರ್ ಹಾಕಿದ್ದರೆ ಒಂದು ದಿನದ ಮಟ್ಟಿಗೆ ಹಳೆಯ ಫಿಲ್ಟರ್ ಡಬ್ಬಿ ವಾಪಸ್ ಹಾಕಿ ಓಡಿಸಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಬರುವ ಗರ್ಜನೆಯಲ್ಲಿ ದೊಡ್ಡ ಪಾಲು ಗಾಳಿ ಎಳೆಯುವ ಕಡೆಯದೇ ಇರುತ್ತದೆ. ಇನ್ನೊಂದು ಎಂಜಿನ್ ಮೌಂಟ್. ಗಟ್ಟಿ ಪಾಲಿಯುರೆಥೇನ್ ಮೌಂಟ್ ಹಾಕಿಸಿದ್ದರೆ ಎಂಜಿನ್ ನಡುಕ ನೇರವಾಗಿ ಬಾಡಿಗೆ ಬರುತ್ತದೆ. ಅದಕ್ಕೆ ಸೈಲೆನ್ಸರ್ ಏನು ಮಾಡೀತು?

## ಹಂತ 3: ಲೀಕ್ ಹುಡುಕಿ

ಈ ಹಂತಕ್ಕೆ ಸಮಯ ಕೊಡಿ. ಮಾಡಿಫೈ ಮಾಡಿದ ಕಾರಿನಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ಜೋಡಣೆಗಳಿರುತ್ತವೆ. ಪ್ರತಿ ಜೋಡಣೆಯೂ ಲೀಕ್ ಆಗಬಹುದಾದ ಜಾಗ.

1. ತಣ್ಣಗಿರುವಾಗ ಕಣ್ಣಲ್ಲಿ ನೋಡಿ. ಹೆಡರ್ ಮತ್ತು ಎಂಜಿನ್ ಹೆಡ್ ಸೇರುವ ಜಾಗ, ಪೈಪುಗಳು ಒಂದಾಗುವ ಕಲೆಕ್ಟರ್, ಜಾಲರಿ ಸುತ್ತಿದ ಫ್ಲೆಕ್ಸ್ ಪೈಪ್, ಆಕ್ಸಿಜನ್ ಸೆನ್ಸರ್ ಕೂರುವ ತೂತು, ಪ್ರತಿ ಫ್ಲಾಂಜ್ (ಬೋಲ್ಟ್ ಹಾಕಿ ಸೇರಿಸುವ ಚಪ್ಪಟೆ ಅಂಚು), ಪ್ರತಿ ವೆಲ್ಡಿಂಗ್. ಕಪ್ಪು ಮಸಿಯ ಗೆರೆ ಅಥವಾ ಬೂದು ಪುಡಿ ಚೆಲ್ಲಿದಂತೆ ಕಂಡರೆ ಲೀಕ್ ಅಲ್ಲೇ.

2. ಸೋಪಿನ ನೀರಿನ ಪರೀಕ್ಷೆ. ಎಂಜಿನ್ ಆಫ್ ಆಗಿದ್ದು, ಪೈಪ್ ಪೂರ್ತಿ ತಣ್ಣಗಿರಬೇಕು. ಹಿಂದಿನ ಪೈಪಿನ ಬಾಯಿಗೆ ಬ್ಲೋವರ್ ಇಟ್ಟು ಸುತ್ತ ಬಟ್ಟೆ ತುರುಕಿ ಗಾಳಿ ಊದಿ. ಎರಡು ಬಾಯಿ ಇದ್ದರೆ ಒಂದನ್ನು ಮುಚ್ಚಿ. ಈಗ ಎಲ್ಲ ಜೋಡಣೆಗಳ ಮೇಲೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಏಳುವ ಜಾಗ ಗುರುತು ಮಾಡಿಕೊಳ್ಳಿ. ಬಿಸಿ ಪೈಪಿನ ಮೇಲೆ ಇದನ್ನು ಮಾಡಬೇಡಿ. ನೀರು ಆವಿಯಾಗುತ್ತದೆ ಅಷ್ಟೇ ಅಲ್ಲ, ಎರಕದ ಮ್ಯಾನಿಫೋಲ್ಡ್ ಬಿರುಕು ಬಿಡಬಹುದು.

3. ಹೋಸ್ ಪರೀಕ್ಷೆ. ಬಯಲಲ್ಲಿ ಕಾರು ಸ್ಟಾರ್ಟ್ ಮಾಡಿ. ಹೋಸಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಅನುಮಾನವಿರುವ ಜಾಗದ ಹತ್ತಿರ. ಬಿಸಿ ಲೋಹಕ್ಕೆ ತಾಗಿಸಬೇಡಿ, ತಿರುಗುವ ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿರಿ. ಲೀಕ್ ಇರುವಲ್ಲಿ ಟಕ್ ಟಕ್ ಸದ್ದು ಥಟ್ಟನೆ ಜೋರಾಗುತ್ತದೆ.

4. ಬಾಯಿ ಒತ್ತುವ ಪರೀಕ್ಷೆ. ಸ್ಟಾರ್ಟ್ ಆದ ತಕ್ಷಣ, ಪೈಪ್ ಬಿಸಿಯಾಗುವ ಮುಂಚೆ, ಕೈಗವಸು ಹಾಕಿ ದಪ್ಪ ಬಟ್ಟೆಯಿಂದ ಹಿಂದಿನ ಬಾಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಒತ್ತಡ ಕಟ್ಟಿಕೊಂಡು ಬಟ್ಟೆಯನ್ನು ತಳ್ಳಬೇಕು. ತಳ್ಳದೆ ಬೇರೆಲ್ಲೋ ಬುಸ್ ಅಂದರೆ ಅಲ್ಲಿ ಲೀಕ್ ಇದೆ.

ಲೀಕ್ ಸಿಕ್ಕಿದ ಮೇಲೆ ರಿಪೇರಿ. ಇಲ್ಲಿಯೂ ಕೆಲವು ತಪ್ಪುಗಳು ಪದೇ ಪದೇ ಕಾಣುತ್ತವೆ.

ಹಳೆಯ ಪ್ಯಾಕಿಂಗ್ ಮತ್ತೆ ಹಾಕುವುದು ಮೊದಲನೆಯದು. ಒಮ್ಮೆ ಒತ್ತಿ ಬಿಸಿಯಾದ ಪ್ಯಾಕಿಂಗ್ ಎರಡನೇ ಸಲ ಅದೇ ರೀತಿ ಕೂರುವುದಿಲ್ಲ. ಹೊಸ ಪ್ಯಾಕಿಂಗ್ ಹಾಕಿದರೂ ಲೀಕ್ ಆದರೆ ಫ್ಲಾಂಜ್ ಬಾಗಿದೆಯೇ ನೋಡಿ. ಉಕ್ಕಿನ ಪಟ್ಟಿಯನ್ನು ಫ್ಲಾಂಜ್ ಮುಖದ ಮೇಲೆ ಅಡ್ಡ ಇಟ್ಟು, ಸಂದಿನಲ್ಲಿ ಫೀಲರ್ ಗೇಜ್ ತೂರಿಸಿ. ತೆಳು ಫ್ಲಾಂಜ್‌ನ ಅಗ್ಗದ ಹೆಡರ್‌ಗಳು ವೆಲ್ಡಿಂಗ್ ಬಿಸಿಗೇ ಬಾಗಿರುತ್ತವೆ. ಅಂಥದ್ದನ್ನು ಮಟ್ಟ ಮಾಡಿಸದೆ ಬೋಲ್ಟ್ ಬಿಗಿಯುತ್ತಾ ಹೋದರೆ ಸ್ಟಡ್ ಮುರಿಯುತ್ತದೆ. ಮುರಿದ ಸ್ಟಡ್ ಹೊರತೆಗೆಯುವುದಕ್ಕಿಂತ ದೊಡ್ಡ ಶಿಕ್ಷೆ ಈ ಕೆಲಸದಲ್ಲಿ ಇಲ್ಲ.

ಮ್ಯಾನಿಫೋಲ್ಡ್ ನಟ್‌ಗಳನ್ನು ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಹೋಗುತ್ತಾ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಷ್ಟು ಬಿಗಿ ಎಂಬುದು ನಿಮ್ಮ ಎಂಜಿನ್‌ನ ಸರ್ವಿಸ್ ಪುಸ್ತಕದಲ್ಲಿರುತ್ತದೆ.

ಒಂದರೊಳಗೊಂದು ತೂರುವ ಪೈಪುಗಳು ಸುಮಾರು 40ರಿಂದ 50 ಮಿ.ಮೀ. ಒಳಗೆ ಹೋಗಿರಬೇಕು. ಹೊರಗಿನ ಪೈಪಿನಲ್ಲಿ ಸೀಳು ಇದ್ದರೆ ಕ್ಲ್ಯಾಂಪ್ ಅದನ್ನು ಪೂರ್ತಿ ಮುಚ್ಚುವಂತಿರಬೇಕು. ಯು ಆಕಾರದ ಬೋಲ್ಟ್ ಕ್ಲ್ಯಾಂಪ್ ಪೈಪನ್ನು ಅದುಮಿ ಸೊಟ್ಟ ಮಾಡುತ್ತದೆ, ಮುಂದೆ ಬಿಚ್ಚಲೂ ಬರುವುದಿಲ್ಲ. ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಸುತ್ತಲೂ ಸಮನಾಗಿ ಹಿಡಿಯುತ್ತದೆ. ಪೇಸ್ಟ್ ಬಳಿದು ಲೀಕ್ ಮುಚ್ಚುವುದು ನಾಲ್ಕು ದಿನದ ಮಾತು. ಜೋಡಣೆಗೆ ಸ್ವಲ್ಪ ಹಚ್ಚಲೇಬೇಕೆಂದರೆ ಸೆನ್ಸರ್‌ಗೆ ಹಾನಿ ಮಾಡದ ಬಗೆಯದ್ದನ್ನು ಮಾತ್ರ ತನ್ನಿ.

ಫ್ಲೆಕ್ಸ್ ಪೈಪ್ ವಿಷಯ: ಅದನ್ನು ಹಾಕಿರುವುದು ಎಂಜಿನ್ ಅಲುಗಾಟ ನುಂಗಲು, ಅಳತೆ ತಪ್ಪಿದ ಪೈಪನ್ನು ಎಳೆದು ಸೇರಿಸಲು ಅಲ್ಲ. ಜಗ್ಗಿ, ತಿರುಚಿ, ಬಗ್ಗಿಸಿ ಕೂರಿಸಿದ ಫ್ಲೆಕ್ಸ್ ಬೇಗ ಸೀಳುತ್ತದೆ. ಮೇಲಿನ ಜಾಲರಿ ಚೆನ್ನಾಗಿದ್ದು ಒಳಗಿನ ಸುಕ್ಕು ಕೊಳವೆ ಒಡೆದಿರುವುದೂ ಉಂಟು.

ಕಾರಿನ ಮೇಲೇ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ಬಿಚ್ಚಿಸಿ, ಆಕ್ಸಿಜನ್ ಸೆನ್ಸರ್ ತೆಗೆಸಿ. ಪೆಟ್ರೋಲ್ ಪೈಪ್ ಎಲ್ಲಿ ಹಾದುಹೋಗಿದೆ ಎಂದು ಮೊದಲೇ ತೋರಿಸಿ. ಒಳ್ಳೆಯ ಕ್ರಮವೆಂದರೆ ಕಾರಿನ ಮೇಲೆ ಚುಕ್ಕಿ ವೆಲ್ಡ್ ಹಾಕಿ, ಪೈಪ್ ಕೆಳಗಿಳಿಸಿ, ಸುತ್ತಲೂ ಪೂರ್ತಿ ವೆಲ್ಡ್ ಮಾಡುವುದು. ಕಾರಿನ ಕೆಳಗೆ ಮಲಗಿ ಮಾಡಿದ ವೆಲ್ಡ್‌ನಲ್ಲಿ ಪೈಪಿನ ಮೇಲ್ಭಾಗಕ್ಕೆ ಕೈ ಹೋಗಿರುವುದಿಲ್ಲ. ಸೂಜಿ ತೂತು ಉಳಿಯುವುದೂ ಅಲ್ಲೇ.

ಎಚ್ಚರಿಕೆಯ ಗುರುತು: ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಲೀಕ್ ಇದ್ದರೆ ಅದು ಬರೀ ಸದ್ದಿನ ವಿಷಯವಲ್ಲ. ಎರಡು ಒತ್ತಡದ ಅಲೆಗಳ ನಡುವೆ ಪೈಪ್ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಸೆನ್ಸರ್‌ಗೆ ಆಮ್ಲಜನಕ ಜಾಸ್ತಿ ಕಾಣುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಎಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಪೆಟ್ರೋಲ್ ಕಡಿಮೆ ಎನ್ನುವ ಪಿ0171 ಕೋಡ್ ಬರಬಹುದು, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಶುರುವಾಗಬಹುದು.

## ಹಂತ 4: ತಾಗುವುದನ್ನು, ಅಲುಗುವುದನ್ನು ಹುಡುಕಿ

ಪೈಪ್ ತಣ್ಣಗಿರುವಾಗ ಕಾರಿನ ಕೆಳಗೆ ಹೋಗಿ, ಎಕ್ಸಾಸ್ಟನ್ನು ಕೈಯಲ್ಲಿ ಹಿಡಿದು ಎಲ್ಲ ದಿಕ್ಕಿಗೂ ಅಲುಗಿಸಿ. ಎಲ್ಲೂ ಲೋಹಕ್ಕೆ ಲೋಹ ಬಡಿಯಬಾರದು. ರಬ್ಬರ್ ಸುತ್ತಿಗೆಯಿಂದ ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಜರ್ ಎಂದ ಜಾಗದಲ್ಲಿ ನಿಲ್ಲಿ. ಹೀಟ್ ಶೀಲ್ಡ್‌ನ ಬೋಲ್ಟ್ ತೂತು ತುಕ್ಕು ತಿಂದು ದೊಡ್ಡದಾಗಿದ್ದರೆ ಅಗಲ ವಾಷರ್ ಹಾಕಿದರೆ ಸಾಕು. ಸದ್ದು ಬರುತ್ತದೆಂದು ಹೀಟ್ ಶೀಲ್ಡನ್ನೇ ಕಿತ್ತೆಸೆಯುವವರಿದ್ದಾರೆ. ಬೇಡ. ನೆಲಹಾಸು, ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪ್ ಇವುಗಳನ್ನು ಬಿಸಿಯಿಂದ ಕಾಯುವುದು ಅದೇ.

ತಣ್ಣಗಿರುವಾಗ ಎಲ್ಲ ಸರಿ, ಅರ್ಧ ಗಂಟೆ ಓಡಿಸಿದ ಮೇಲೆ ಗಡಗಡ. ಇದಕ್ಕೆ ಕಾರಣ ಹಿಗ್ಗುವಿಕೆ. 3 ಮೀಟರ್ ಉದ್ದದ 304 ಸ್ಟೇನ್‌ಲೆಸ್ ಪೈಪ್ 300 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 15 ಮಿ.ಮೀ. ಉದ್ದವಾಗುತ್ತದೆ. ಮಾಮೂಲಿ ಉಕ್ಕು ಇದಕ್ಕಿಂತ ಕಡಿಮೆ ಹಿಗ್ಗುತ್ತದೆ. ಹಳೆಯ ಪೈಪಿಗೆ ಇದ್ದ ಜಾಗವೇ ಹೊಸದಕ್ಕೂ ಸಾಕು ಎಂದು ಲೆಕ್ಕ ಹಾಕಿದರೆ ಅದು ಹಿಂದಿನ ಬಂಪರ್‌ಗೋ ಆಕ್ಸಲ್‌ಗೋ ಹೋಗಿ ತಾಗುತ್ತದೆ. ಸುತ್ತಲೂ 20 ಮಿ.ಮೀ. ಆದರೂ ಬಿಡಿ. ಹಿಂದಿನ ಸಸ್ಪೆನ್ಶನ್ ಮೇಲೆ ಕೆಳಗೆ ಹೋಗುವ ಜಾಗದಲ್ಲಿ ಇನ್ನೂ ಜಾಸ್ತಿ ಬೇಕು. ಸಸ್ಪೆನ್ಶನ್ ತಗ್ಗಿಸಿದ ಕಾರಾದರೆ ಚಕ್ರ ನೇತಾಡುತ್ತಿರುವಾಗ ಮಾತ್ರ ನೋಡಿದರೆ ಸಾಲದು. ಕಾರಿನ ಭಾರ ಚಕ್ರದ ಮೇಲಿರುವಾಗಲೂ ಅಂತರ ನೋಡಿ.

ಹ್ಯಾಂಗರ್ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ತೀರಾ ಗಟ್ಟಿಯಾದ ಹ್ಯಾಂಗರ್ ಹಾಕಿದರೆ ಪೈಪ್ ಅಲುಗುವುದು ನಿಲ್ಲುತ್ತದೆ, ನಡುಕ ಮಾತ್ರ ಬಾಡಿಗೆ ಹತ್ತಿ ಕ್ಯಾಬಿನ್ ಒಳಗೆ ಗುಂಯ್‌ಗುಡುತ್ತದೆ. ನಂಬರ್ ಪ್ಲೇಟನ್ನೂ ಮರೆಯಬೇಡಿ. ಡಿಕ್ಕಿ ಬಾಗಿಲಿನ ತೆಳು ಪ್ಲೇಟ್ ಒಂದು ಆರ್‌ಪಿಎಂನಲ್ಲಿ ಎಷ್ಟು ಜೋರಾಗಿ ಜರ್‌ಗುಡುತ್ತದೆ ಎಂದರೆ ಸೈಲೆನ್ಸರ್ ಒಡೆದಿದೆ ಎಂದೇ ಅನ್ನಿಸುತ್ತದೆ. ಹಿಂದೆ ಎರಡು ಚೂರು ಫೋಮ್ ಅಂಟಿಸಿದರೆ ಮುಗಿಯಿತು.

## ಹಂತ 5: ಡಬ್ಬಿಯೊಳಗೆ ಏನಾಗಿದೆ ನೋಡಿ

ನೇರ ಪೈಪಿನ ಸೈಲೆನ್ಸರ್‌ಗಳಲ್ಲಿ ತೂತು ಕೊರೆದ ಕೊಳವೆಯ ಸುತ್ತ ಫೈಬರ್ ಗ್ಲಾಸ್ ಅಥವಾ ಅಂಥದ್ದೇ ನಾರು ತುಂಬಿರುತ್ತಾರೆ. ಬಿಸಿಗೆ ಅದು ಪುಡಿಯಾಗಿ ಹಿಂದಿನಿಂದ ಹಾರಿಹೋಗುತ್ತದೆ. ಮೊದಮೊದಲು ಚೆನ್ನಾಗಿದ್ದ ಸದ್ದು ತಿಂಗಳುಗಳು ಕಳೆದಂತೆ ಜೋರಾಗಿ, ಟೊಳ್ಳಾಗಿ, ತಗಡಿನ ಸದ್ದಿನಂತೆ ಆಯಿತೇ? ಇದೇ ಕಾರಣ. ಬಾಯಿಯ ಬಳಿ ನಾರಿನ ಎಳೆ ಕಾಣುವುದು, ಡಬ್ಬಿಯ ಹೊರಮೈ ಒಂದು ಕಡೆ ಬಣ್ಣಗೆಡುವುದು ಇದರ ಗುರುತು. ಬಿಚ್ಚುವಂತಿರುವ ಡಬ್ಬಿಗೆ ಹೊಸದಾಗಿ ನಾರು ತುಂಬಬಹುದು. ಕೊಳವೆಗೆ ತಾಗುವಂತೆ ಮೊದಲು ಸ್ಟೇನ್‌ಲೆಸ್ ಉಣ್ಣೆಯ ಒಂದು ಪದರ ಸುತ್ತಿ, ಮೇಲೆ ನಾರು ತುಂಬಿದರೆ ಹೆಚ್ಚು ಕಾಲ ಬಾಳುತ್ತದೆ. ಹಳೆಯ ನಾರು ತೆಗೆಯುವಾಗ ಮಾಸ್ಕ್ ಮತ್ತು ಕೈಗವಸು ಬೇಕೇ ಬೇಕು.

ಕೋಣೆಗಳಿರುವ ಸೈಲೆನ್ಸರ್ ಆದರೆ ಒಳಗಿನ ಅಡ್ಡ ತಗಡು ಬಿಟ್ಟುಕೊಂಡು ಬಡಿಯುತ್ತದೆ. ತಟ್ಟಿದರೆ ಗೊತ್ತಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ತಟ್ಟಿದಾಗ ಕಲ್ಲು ಹಾಕಿ ಅಲುಗಿಸಿದ ಸದ್ದು ಬಂದರೆ ಒಳಗಿನ ಸೆರಾಮಿಕ್ ಒಡೆದಿದೆ. ಚೂರುಗಳು ಹಿಂದಿನ ಸೈಲೆನ್ಸರ್ ಬಾಯಿಗೆ ಸಿಕ್ಕಿ ಕಾರಿನ ಎಳೆತವನ್ನೇ ಕಡಿಮೆ ಮಾಡಬಹುದು. ಒಡೆದದ್ದು ಏಕೆ ಎಂದೂ ಕೇಳಿಕೊಳ್ಳಿ. ಹೆಚ್ಚಿನ ಸಲ ಮಿಸ್‌ಫೈರ್‌ನಿಂದ (ಸಿಲಿಂಡರ್ ಸರಿಯಾಗಿ ಉರಿಯದೆ ತಪ್ಪುವುದರಿಂದ) ಉರಿಯದ ಪೆಟ್ರೋಲ್ ಒಳಗೆ ಹೋಗಿ ಅದು ಕರಗುವಷ್ಟು ಬಿಸಿಯಾಗಿರುತ್ತದೆ. ಅದನ್ನು ಸರಿ ಮಾಡದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಕ್ಯಾಟ್ ತೆಗೆದು ಖಾಲಿ ಪೈಪ್ ಹಾಕುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬಹುತೇಕ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಸದ್ದಿನ ದೃಷ್ಟಿಯಿಂದ ನೋಡಿದರೂ ಅದು ಕೆಟ್ಟ ಸಲಹೆ. ಹರಿತ ಸದ್ದನ್ನು ಮೆತ್ತಗಾಗಿಸುವ ಕೆಲಸದಲ್ಲಿ ಕ್ಯಾಟ್‌ನ ಪಾಲು ದೊಡ್ಡದು. ಅದು ಹೋದರೆ ಚರಚರ ಗ್ಯಾರಂಟಿ.

## ಹಂತ 6: ಗುಂಯ್ ಸದ್ದಿಗೆ ಲೆಕ್ಕ ಹಾಕಿ

ಲೀಕ್ ಇಲ್ಲ, ತಾಗುತ್ತಿಲ್ಲ, ಡಬ್ಬಿ ಚೆನ್ನಾಗಿದೆ, ಆದರೂ ಗುಂಯ್. ಈಗ ಅಳತೆ ಮಾಡುವ ಸಮಯ.

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುವ ಎಂಜಿನ್‌ಗಳಿಗೆ ಲೆಕ್ಕ ಸುಲಭ. 3 ಸಿಲಿಂಡರ್ ಆದರೆ ಆರ್‌ಪಿಎಂ ಅನ್ನು 40ರಿಂದ ಭಾಗಿಸಿ. 4 ಸಿಲಿಂಡರ್ ಆದರೆ 30ರಿಂದ, 6 ಆದರೆ 20ರಿಂದ. ಬಂದ ಸಂಖ್ಯೆಯೇ ಹರ್ಟ್ಸ್‌ನಲ್ಲಿ ಮುಖ್ಯ ಸದ್ದಿನ ಫ್ರೀಕ್ವೆನ್ಸಿ. 4 ಸಿಲಿಂಡರ್ ಕಾರು 2400 ಆರ್‌ಪಿಎಂನಲ್ಲಿ ಗುಂಯ್ ಎಂದರೆ ಅದು 80 ಹರ್ಟ್ಸ್. ಫೋನಿನ ಆ್ಯಪ್‌ನಲ್ಲಿಯೂ 80ರ ಆಸುಪಾಸಿನಲ್ಲೇ ಗೆರೆ ಎದ್ದಿರಬೇಕು. ಫೋನನ್ನು ಪಕ್ಕದಲ್ಲಿ ಕೂತವರಿಗೆ ಕೊಡಿ, ಓಡಿಸುತ್ತಾ ನೋಡಬೇಡಿ.

ಇಷ್ಟು ಕಡಿಮೆ ಫ್ರೀಕ್ವೆನ್ಸಿಯ ಸದ್ದನ್ನು ನಾರು ತುಂಬಿದ ನೇರ ಸೈಲೆನ್ಸರ್ ಹೆಚ್ಚೇನೂ ನುಂಗುವುದಿಲ್ಲ. ಅದು ಹರಿತ ಸದ್ದಿಗೆ ಒಳ್ಳೆಯದು. ಕಡಿಮೆ ಫ್ರೀಕ್ವೆನ್ಸಿಯ ಸದ್ದನ್ನು ಇಳಿಸಲು ಕೋಣೆಗಳಿರುವ ದೊಡ್ಡ ಡಬ್ಬಿ ಬೇಕು, ಇಲ್ಲವೇ ಆ ಫ್ರೀಕ್ವೆನ್ಸಿಗೇ ಅಳತೆ ಮಾಡಿದ ಅಡ್ಡ ಪೈಪ್ ಬೇಕು. ಒಂದು ನೇರ ಸೈಲೆನ್ಸರ್ ತೆಗೆದು ಇನ್ನೊಂದು ಬ್ರ್ಯಾಂಡಿನ ನೇರ ಸೈಲೆನ್ಸರ್ ಹಾಕಿದರೆ ಡ್ರೋನ್ ಹೋಗದಿರುವುದಕ್ಕೆ ಇದೇ ಕಾರಣ. ಜನ ಹೆಚ್ಚು ದುಡ್ಡು ಸುರಿಯುವುದೂ ಇಲ್ಲೇ.

ಕೊಳ್ಳುವ ಮುಂಚೆ ಇವಿಷ್ಟು ನೋಡಿ.

1. ಪೈಪಿನ ಬಾಯಿ ಎಲ್ಲಿದೆ? ಬಂಪರ್ ಒಳಗೇ ಮುಗಿದಿದ್ದರೆ ಸದ್ದು ಕಾರಿನ ಅಡಿಗೇ ಬಡಿಯುತ್ತದೆ. ಹೊಗೆಯೂ ಒಳಗೆ ಬರಬಹುದು. ಬಾಯಿ ಬಂಪರ್ ದಾಟಿರಲಿ.

2. ಡಿಕ್ಕಿಯ ಬೀಡಿಂಗ್ ಮತ್ತು ನೆಲದ ರಬ್ಬರ್ ಮುಚ್ಚಳಗಳು ಸರಿಯಿವೆಯೇ? ಸ್ಪೀಕರ್ ವಯರ್‌ಗಾಗಿ ಕೊರೆದ ತೂತುಗಳನ್ನೂ ಮುಚ್ಚಿ. ತೂಕ ಇಳಿಸಲೆಂದು ಹಿಂದಿನ ಕಾರ್ಪೆಟ್ ತೆಗೆದಿದ್ದರೆ ವಾಪಸ್ ಹಾಕಿ ನೋಡಿ.

3. ಪೈಪ್ ಬೇಕಾದ್ದಕ್ಕಿಂತ ದಪ್ಪವಾಯಿತೇ? ಟರ್ಬೊ ಇಲ್ಲದ ಸಣ್ಣ ಎಂಜಿನ್‌ಗೆ ಭಾರಿ ದಪ್ಪದ ಪೈಪ್ ಹಾಕಿದರೆ ಟೊಳ್ಳು ಸದ್ದು ಜಾಸ್ತಿಯಾಗುತ್ತದೆ, ಶಕ್ತಿಯಲ್ಲಿ ಲಾಭ ಕಾಣುವುದಿಲ್ಲ.

4. ನಡುವಿನ ರೆಸೊನೇಟರ್ (ಸದ್ದು ಇಳಿಸಲು ಪೈಪಿನ ಮಧ್ಯೆ ಹಾಕುವ ಇನ್ನೊಂದು ಡಬ್ಬಿ) ತೆಗೆಸಿದ್ದೀರಾ? ಹೌದಾದರೆ ಬೇರೇನೂ ಮಾಡುವ ಮುಂಚೆ ಅದನ್ನು ವಾಪಸ್ ಹಾಕಿಸಿ.

ಇಷ್ಟಾದರೂ ಉಳಿದರೆ ಅಡ್ಡ ಪೈಪ್. ಒಂದು ತುದಿ ಮುಚ್ಚಿದ ಪೈಪನ್ನು ಮುಖ್ಯ ಪೈಪಿಗೆ ಟಿ ಆಕಾರದಲ್ಲಿ ಸೇರಿಸುತ್ತಾರೆ. ಅದರ ಉದ್ದ ಸದ್ದಿನ ಅಲೆಯ ಕಾಲು ಭಾಗ ಇದ್ದರೆ, ಒಳಗೆ ಹೋದ ಅಲೆ ತಿರುಗಿ ಬರುವಾಗ ಎದುರಿನ ಅಲೆಗೆ ಉಲ್ಟಾ ಆಗಿರುತ್ತದೆ. ಎರಡೂ ಒಂದನ್ನೊಂದು ಕಳೆಯುತ್ತವೆ.

ಉದ್ದ ಎಷ್ಟು? ಸದ್ದಿನ ವೇಗವನ್ನು ಫ್ರೀಕ್ವೆನ್ಸಿಯ 4 ಪಟ್ಟಿನಿಂದ ಭಾಗಿಸಬೇಕು. ಎಲ್ಲರೂ ತಪ್ಪುವುದು ವೇಗದಲ್ಲಿ. ಸೆಕೆಂಡಿಗೆ 343 ಮೀಟರ್ ಎಂಬುದು 20 ಡಿಗ್ರಿ ಸೆಲ್ಸಿಯಸ್ ಗಾಳಿಯ ಲೆಕ್ಕ. 300 ಡಿಗ್ರಿಯ ಅನಿಲದಲ್ಲಿ ಅದು ಸುಮಾರು 480 ಮೀಟರ್. ನಮ್ಮ 80 ಹರ್ಟ್ಸ್‌ಗೆ 480 ಹಿಡಿದರೆ 1.5 ಮೀಟರ್ ಬರುತ್ತದೆ, 343 ಹಿಡಿದರೆ 1.07 ಮೀಟರ್. ಆ 1.07 ಮೀಟರ್ ಪೈಪ್ ಬಿಸಿಯಲ್ಲಿ 112 ಹರ್ಟ್ಸ್ ಕಳೆಯುತ್ತದೆ, ಅಂದರೆ 3360 ಆರ್‌ಪಿಎಂ. ನಿಮ್ಮ 2400 ಹಾಗೇ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮುಚ್ಚಿದ ಪೈಪಿನಲ್ಲಿ ಅನಿಲ ಹರಿಯುವುದಿಲ್ಲ, ಹಾಗಾಗಿ ಅದು ಮುಖ್ಯ ಪೈಪಿಗಿಂತ ತಣ್ಣಗಿರುತ್ತದೆ. ಒಳಗೆ 150 ಡಿಗ್ರಿ ಇದ್ದರೆ ಸರಿಯಾದ ಉದ್ದ 1.3 ಮೀಟರ್ ಆಸುಪಾಸು. ಅದಕ್ಕೇ ಒಂದೇ ಸಲ ಕತ್ತರಿಸಿ ವೆಲ್ಡ್ ಮಾಡಿಸಬೇಡಿ. ಕೊನೆಯ ತುಂಡು ಒಳಗೆ ಹೊರಗೆ ಜಾರುವಂತೆ ಮಾಡಿ ಕ್ಲ್ಯಾಂಪ್ ಹಾಕಿ. ಓಡಿಸಿ, ಆ್ಯಪ್‌ನಲ್ಲಿ ನೋಡಿ, ನಿಲ್ಲಿಸಿ ತಣ್ಣಗಾದ ಮೇಲೆ 50 ಮಿ.ಮೀ. ಆಚೀಚೆ ಮಾಡಿ. ಗುಂಯ್ ಕಡಿಮೆಯಾದ ಜಾಗ ಸಿಕ್ಕಿದ ಮೇಲೆ ಗಟ್ಟಿ ಮಾಡಿ. ಪೈಪ್ ನೇರವಾಗಿಯೇ ಇರಬೇಕೆಂದಿಲ್ಲ, ಜಾಗ ನೋಡಿ ಬಗ್ಗಿಸಿದರೂ ನಡೆಯುತ್ತದೆ. ಹಿಂದಿನ ತೆರೆದ ಬಾಯಿಯ ಪಕ್ಕದಲ್ಲಿ ಮಾತ್ರ ಸೇರಿಸಬೇಡಿ. ಅಲ್ಲಿ ಒತ್ತಡದ ಏರಿಳಿತ ತೀರಾ ಕಡಿಮೆ, ಅಡ್ಡ ಪೈಪಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಸುಮ್ನೆ ಡಿಕ್ಕಿ ತುಂಬಾ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಸಾಲದೇ ಎಂದು ಕೇಳುತ್ತಾರೆ. ತಗಡಿನ ನಡುಕಕ್ಕೆ ಅದು ಸರಿ. 80 ಹರ್ಟ್ಸ್‌ನ ಒತ್ತಡದ ಅಲೆಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ.

## ಹಂತ 7: ಚರಚರ ಸದ್ದನ್ನು ಇಳಿಸಿ

ಇದು ಗುಂಯ್‌ಗಿಂತ ಸುಲಭ. ನಾರು ತುಂಬಿದ ಉದ್ದನೆಯ ರೆಸೊನೇಟರ್ ಒಂದನ್ನು ಕ್ಯಾಟ್ ಮತ್ತು ಹಿಂದಿನ ಸೈಲೆನ್ಸರ್ ನಡುವೆ ಸೇರಿಸಿದರೆ ಬಹುತೇಕ ಇಳಿಯುತ್ತದೆ. ಉದ್ದ ಜಾಸ್ತಿ ಇದ್ದಷ್ಟೂ ಒಳ್ಳೆಯದು. ತೀರಾ ಚಿಕ್ಕ ಬುಲೆಟ್ ರೆಸೊನೇಟರ್‌ಗಳಿಂದ ಹೆಚ್ಚು ನಿರೀಕ್ಷೆ ಬೇಡ.

ಪೈಪಿನ ಗೋಡೆ ತೀರಾ ತೆಳುವಾಗಿದ್ದರೆ ಪೈಪೇ ನಡುಗಿ ಸದ್ದು ಹೊರಸೂಸುತ್ತದೆ. ಒಳಗಡೆ ವೆಲ್ಡ್ ಉಬ್ಬಿಕೊಂಡಿದ್ದರೆ, ಪೈಪಿನ ಅಳತೆ ಥಟ್ಟನೆ ಹಿಗ್ಗಿ ಕುಗ್ಗಿದ್ದರೆ ಅಲ್ಲಿ ಅನಿಲ ಸುಳಿ ಸುತ್ತಿ ಸಿಳ್ಳೆ ಹೊಡೆಯುತ್ತದೆ. ತಿರುವಿನಲ್ಲಿ ಅದುಮಿ ಬಗ್ಗಿಸಿದ ಪೈಪೂ ಹಾಗೆಯೇ. ಸುಕ್ಕಿಲ್ಲದಂತೆ ಮ್ಯಾಂಡ್ರೆಲ್ ಮೇಲೆ ಬಗ್ಗಿಸಿದ ಪೈಪ್ ಹಾಕಿಸಿ. ಹಿಂದಿನ ಬಾಯಿಗೆ ಭಾರಿ ಅಗಲದ ತೆಳು ಟಿಪ್ ಹಾಕಿದ್ದರೆ ಅದನ್ನೊಮ್ಮೆ ಬಿಚ್ಚಿಟ್ಟು ಕೇಳಿ. ನೋಡಲು ಚೆಂದ, ಕೇಳಲು ಅಲ್ಲ.

## ಹಂತ 8: ಟರ್ಬೊ ಮತ್ತು ಟ್ಯೂನಿಂಗ್ ಕಡೆ ನೋಡಿ

ಟರ್ಬೊ ಕಾರಿನಲ್ಲಿ ಲೋಡ್ ಬಿದ್ದಾಗ ಸುಂಯ್ ಎಂದರೆ ಟರ್ಬೊ ಮತ್ತು ಮ್ಯಾನಿಫೋಲ್ಡ್ ನಡುವಿನ ಪ್ಯಾಕಿಂಗ್, ವಿ-ಬ್ಯಾಂಡ್ ಕ್ಲ್ಯಾಂಪ್ ನೋಡಿ. ಜೊತೆಗೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ನಿಧಾನವಾಗಿ ಏರುತ್ತಿದ್ದರೆ ಅನುಮಾನವೇ ಬೇಡ. ಕಡಿಮೆ ಲೋಡಿನಲ್ಲಿ ತೆಳುವಾಗಿ ಕಟಕಟ ಎಂದರೆ ವೇಸ್ಟ್‌ಗೇಟ್ (ಹೆಚ್ಚಾದ ಅನಿಲವನ್ನು ಟರ್ಬೊ ತಪ್ಪಿಸಿ ಬಿಡುವ ಕವಾಟ) ಮುಚ್ಚಳದ ಕೀಲು ಸವೆದಿರಬಹುದು. ಹೊರಗಿನ ವೇಸ್ಟ್‌ಗೇಟ್ ಪೈಪನ್ನು ನೇರ ಗಾಳಿಗೆ ಬಿಟ್ಟಿದ್ದರೆ ಆ ಕಿರುಚಾಟಕ್ಕೆ ಮದ್ದು ಒಂದೇ, ಅದನ್ನು ಮುಖ್ಯ ಪೈಪಿಗೆ ಸೇರಿಸುವುದು.

ಆಕ್ಸಿಲರೇಟರ್ ಬಿಟ್ಟಾಗಿನ ಪಟಪಟ ಲೀಕ್ ಮುಚ್ಚಿದ ಮೇಲೂ ನಿಲ್ಲದಿದ್ದರೆ ಟ್ಯೂನರ್ ಹತ್ತಿರ ಹೋಗಿ. ಸಾಮಾನ್ಯವಾಗಿ ಆಗ ಪೆಟ್ರೋಲ್ ನಿಲ್ಲಬೇಕು. ಸದ್ದಿಗಾಗಿಯೇ ಪೆಟ್ರೋಲ್ ಬಿಟ್ಟು ಸ್ಪಾರ್ಕ್ ತಡ ಮಾಡುವ ಮ್ಯಾಪ್‌ಗಳಿವೆ (ಇಸಿಯುವಿನ ಸೆಟ್ಟಿಂಗ್). ಕೆಲವರಿಗೆ ಇಷ್ಟ, ಇರಲಿ. ಆದರೆ ಕ್ಯಾಟ್ ಮತ್ತು ಸೈಲೆನ್ಸರ್ ನಾರಿನ ಆಯಸ್ಸು ಅದರಿಂದ ಕಡಿಮೆಯಾಗುತ್ತದೆ.

ಎಚ್ಚರಿಕೆಯ ಗುರುತು: ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಕ್ಯಾಟ್ ಹಾಳಾಗುತ್ತಿದೆ. ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕ್ಯಾಬಿನ್ ಒಳಗೆ ಹೊಗೆಯ ವಾಸನೆ ಬಂದರೆ, ಅಥವಾ ಕೂತವರಿಗೆ ತಲೆನೋವು, ವಾಕರಿಕೆ ಆದರೆ ಕಿಟಕಿ ತೆರೆದು ನಿಲ್ಲಿಸಿ ಕೆಳಗಿಳಿಯಿರಿ. ಲೀಕ್ ಮುಚ್ಚುವ ತನಕ ಆ ಕಾರು ಓಡಿಸಬೇಡಿ.

## ಹಂತ 9: ಕೆಲಸ ಆದ ಮೇಲೆ

ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಎಲ್ಲ ನಟ್, ಕ್ಲ್ಯಾಂಪ್ ಮತ್ತೊಮ್ಮೆ ಬಿಗಿ ನೋಡಿ. ಹೊಸ ಪ್ಯಾಕಿಂಗ್ ಬಿಸಿಗೆ ಕೂತುಕೊಂಡಾಗ ಬಿಗಿ ಸ್ವಲ್ಪ ಸಡಿಲವಾಗಿರುತ್ತದೆ. ಒಂದು ವಾರ ಓಡಿಸಿ ಇನ್ನೊಮ್ಮೆ ಕೆಳಗೆ ಹೋಗಿ, ಹೊಸ ಮಸಿಯ ಗೆರೆ, ಉಜ್ಜಿ ಹೊಳೆಯುವ ಜಾಗ ಇದೆಯೇ ನೋಡಿ. ಹೊಳೆಯುವ ಕಡೆ ಲೋಹ ತಾಗುತ್ತಿದೆ ಎಂದರ್ಥ.

ಆಮೇಲೆ ಹಂತ 1ರಲ್ಲಿ ಮಾಡಿದಂತೆಯೇ, ಅದೇ ರಸ್ತೆ, ಅದೇ ಗೇರು, ಫೋನ್ ಅದೇ ಜಾಗದಲ್ಲಿಟ್ಟು ರೆಕಾರ್ಡ್ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ರಸ್ತೆಯ ಸದ್ದಿನ ಮಿತಿಗೆ ಒಳಗಿದೆಯೇ ಎಂದು ಅಳೆಸುವುದಾದರೆ ಪರೀಕ್ಷಾ ಕೇಂದ್ರಕ್ಕೇ ಹೋಗಿ. ನಿಂತ ಕಾರಿನ ಸದ್ದನ್ನು ಅಳೆಯುವ ಐಎಸ್‌ಒ 5130 ಪದ್ಧತಿಯಲ್ಲಿ ಮೈಕನ್ನು ಪೈಪಿನ ಬಾಯಿಯಿಂದ 0.5 ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಇಡುತ್ತಾರೆ. ಫೋನಿನ ಡೆಸಿಬಲ್ ಅಂಕಿ ಮುಂಚೆ-ಆಮೇಲೆ ಹೋಲಿಸಲು ಸಾಕು, ಅಧಿಕಾರಿಗೆ ತೋರಿಸಲು ಸಾಲದು.